ಮನೆಯಲ್ಲೇ ಕಟ್ಟಿದ ಎಲೆಕ್ಟ್ರಿಕ್ ಗಿಟಾರ್: ತಂತಿಯ ದೋಷ ಯಾವುದು, ವೈರಿನ ದೋಷ ಯಾವುದು?

ಅಂಗಡಿಯಿಂದ ತಂದ ಗಿಟಾರ್ ಕೈಕೊಟ್ಟರೆ ಕಾರಣ ಹುಡುಕುವುದು ಅಷ್ಟು ಕಷ್ಟವಲ್ಲ. ನಿನ್ನೆಯವರೆಗೆ ಸರಿಯಿತ್ತು, ಇಂದು ಏನೋ ಬದಲಾಗಿದೆ. ಬದಲಾದದ್ದನ್ನು ಹಿಡಿದರೆ ಕೆಲಸ ಮುಗಿಯಿತು. ಮನೆಯ ಶೆಡ್ಡಿನಲ್ಲಿ ಹಲಗೆ ಕೊಯ್ದು, ರೂಟರಿನಿಂದ ಗುಳಿ ತೋಡಿ, ಒಂದೊಂದೇ ಫ್ರೆಟ್ (ಸ್ವರದ ಜಾಗ ಗುರುತಿಸುವ ಲೋಹದ ಅಡ್ಡಪಟ್ಟಿ) ಬಡಿದು ಕೂರಿಸಿದ ಗಿಟಾರಿಗೆ ಈ ಅನುಕೂಲವಿಲ್ಲ. ಅದು ಸರಿಯಾಗಿದ್ದ ದಿನವೇ ಇಲ್ಲ. ನಕ್ಷೆ ತಪ್ಪಿರಬಹುದು, ಕೊರೆದ ತೂತು ತಪ್ಪಿರಬಹುದು, ಬೆಸುಗೆ ತಪ್ಪಿರಬಹುದು; ಮೂರೂ ಒಟ್ಟಿಗೆ ತಪ್ಪಿರಲೂಬಹುದು. ಹೀಗಾಗಿ ತಿರುಪಿನಿಂದ ತಿದ್ದಲಾಗದ್ದನ್ನು ಮೊದಲು ಅಳೆಯಬೇಕು, ಆಮೇಲೆ ತಿರುಪು ಮುಟ್ಟಬೇಕು.

ಆದರೆ ಮೊದಲ ಸಲ ತಂತಿ ಕಟ್ಟಿ ಮೀಟಿದಾಗ ಏನೋ ಝರ್ರೆಂದ ಕೂಡಲೇ ಬಹಳ ಮಂದಿಯ ಕೈ ಟ್ರಸ್ ರಾಡಿನ ಅಲನ್ ಕೀಯತ್ತಲೇ ಹೋಗುತ್ತದೆ. ಟ್ರಸ್ ರಾಡ್, ಅಂದರೆ ನೆಕ್ಕಿನ (ಗಿಟಾರಿನ ಕತ್ತಿನ) ಒಳಗಿನ ಉಕ್ಕಿನ ಸರಳು, ಇರುವುದು ತಂತಿಗಳ ಎಳೆತಕ್ಕೆ ನೆಕ್ ಎಷ್ಟು ಬಾಗಬೇಕೆಂದು ನಿರ್ಧರಿಸಲು, ಅಷ್ಟಕ್ಕೇ. ಎತ್ತರವಾಗಿರುವ ಫ್ರೆಟ್ಟನ್ನಾಗಲಿ, ತಪ್ಪು ಜಾಗದಲ್ಲಿ ಕೂತ ಬ್ರಿಡ್ಜನ್ನಾಗಲಿ (ಬಾಡಿಯ ಮೇಲೆ ತಂತಿಗಳನ್ನು ಹೊರುವ ಭಾಗ) ಅದು ಸರಿಪಡಿಸುವುದಿಲ್ಲ. ಆ ಕೀಲಿಯನ್ನು ಸದ್ಯಕ್ಕೆ ಡ್ರಾಯರಿನಲ್ಲಿಡಿ.

ಇಲ್ಲಿ ಹೇಳುವುದೆಲ್ಲ ನೆಕ್ಕನ್ನು ನಾಲ್ಕು ತಿರುಪುಗಳಿಂದ ಬಾಡಿಗೆ ಬಿಗಿಯುವ ಗಿಟಾರನ್ನು ಕುರಿತದ್ದು. ಲಿಯೋ ಫೆಂಡರ್ 1950-51ರಲ್ಲಿ ಮಾರುಕಟ್ಟೆಗೆ ತಂದ ಟೆಲಿಕಾಸ್ಟರಿನ ಈ ವಿಧಾನವನ್ನೇ ಮನೆಯಲ್ಲಿ ಕಟ್ಟುವವರು ಹೆಚ್ಚಾಗಿ ಅನುಸರಿಸುತ್ತಾರೆ. ಬೇಕಾದ ಸಲಕರಣೆ ಹೆಚ್ಚೇನಿಲ್ಲ: ಉದ್ದನೆಯ ಉಕ್ಕಿನ ಅಳತೆಪಟ್ಟಿ, ಟ್ಯೂನರ್, ಕ್ಯಾಪೋ (ತಂತಿಗಳನ್ನು ಫ್ರೆಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು), ಸಾಧಾರಣ ಮಲ್ಟಿಮೀಟರ್, ಮತ್ತು ಬೈಕ್ ಮೆಕ್ಯಾನಿಕ್ಕುಗಳು ಟ್ಯಾಪೆಟ್ ಹೊಂದಿಸಲು ಬಳಸುವ ಫೀಲರ್ ಗೇಜ್.

ಮೊದಲು ಆಂಪ್ (ಆಂಪ್ಲಿಫೈಯರ್) ಆಫ್ ಮಾಡಿ

ಕೇಬಲ್ ಕಿತ್ತು, ಸದ್ದಿಲ್ಲದ ಕೋಣೆಯಲ್ಲಿ ಕೂತು ಮೀಟಿ. ದೋಷ ಈಗಲೂ ಕೇಳಿಸಿದರೆ ಅದು ಮರ, ಲೋಹ ಅಥವಾ ತಂತಿಗೆ ಸೇರಿದ್ದು. ಆಂಪ್ ಹಾಕಿದಾಗ ಮಾತ್ರ ಬರುತ್ತದೆ ಎಂದಾದರೆ ವೈರಿಂಗಿನದು. ಇನ್ನೊಂದು ಸಾಧ್ಯತೆಯೂ ಇದೆ: ಬರಿಗಿವಿಗೆ ಸಣ್ಣದಾಗಿ ಝರ್ರೆನ್ನುತ್ತದೆ, ಆಂಪಿನಲ್ಲಿ ಕೇಳಿಸುವುದೇ ಇಲ್ಲ. ಹಾಗಿದ್ದರೆ ಬಿಟ್ಟುಬಿಡಿ. ಆ ಸಣ್ಣ ಸದ್ದನ್ನು ಅಡಗಿಸಲು ಹೋಗಿ ತಂತಿಗಳನ್ನು ಮೇಲೆತ್ತಿ, ಕೊನೆಗೆ ಬೆರಳಿಗೆ ಶಿಕ್ಷೆಯಾಗುವಂಥ ಗಿಟಾರ್ ಮಾಡಿಕೊಳ್ಳುವವರು ಕಡಿಮೆಯಿಲ್ಲ.

ಬರಿಗಿವಿಯ ಝರ್ರಿನಲ್ಲೂ ಕೆಲವು ತಂತಿಯದಲ್ಲ. ಪಿಕಪ್ಪಿನ (ತಂತಿಯ ಅದುರುವಿಕೆಯನ್ನು ವಿದ್ಯುತ್ ಸಂಕೇತವಾಗಿಸುವ ಭಾಗದ) ಕೆಳಗಿನ ಸ್ಪ್ರಿಂಗ್, ಬಿಗಿಯಾಗದ ಟ್ಯೂನಿಂಗ್ ಕೀ, ಸ್ಯಾಡಲಿನ (ಬ್ರಿಡ್ಜಿನ ಮೇಲೆ ತಂತಿ ಕೂರುವ ತುಂಡಿನ) ಸಣ್ಣ ತಿರುಪು, ನೆಕ್ಕಿನೊಳಗೆ ಸಡಿಲವಾಗಿ ಅಲ್ಲಾಡುವ ಟ್ರಸ್ ರಾಡ್ ಯಾವುದೋ ಒಂದೇ ಸ್ವರಕ್ಕೆ ಅದುರತೊಡಗುತ್ತವೆ. ಆ ಸ್ವರವನ್ನು ಮೀಟುತ್ತಾ ಇನ್ನೊಬ್ಬರ ಬೆರಳಿನಿಂದ ಒಂದೊಂದನ್ನೇ ಒತ್ತಿ ಹಿಡಿಸಿ ನೋಡಿ. ಸದ್ದು ನಿಂತ ಜಾಗದಲ್ಲಿ ಅಪರಾಧಿ ಇದೆ.

ಶ್ರುತಿ ಕೂಡದಿದ್ದರೆ: 12ನೇ ಫ್ರೆಟ್ಟಿನಿಂದ ಆರಂಭ

ನೆಕ್ಕಿನ ತಲೆಯ ಬಳಿ ತಂತಿಗಳು ಹಾಯುವ ಪಟ್ಟಿಯಾದ ನಟ್ಟಿನ ಮುಂಭಾಗದಿಂದ, ಅಂದರೆ ಫಿಂಗರ್‌ಬೋರ್ಡಿಗೆ ತಾಗಿಕೊಂಡ ಅಂಚಿನಿಂದ, 12ನೇ ಫ್ರೆಟ್ಟಿನ ನೆತ್ತಿಯವರೆಗೆ ಅಳೆಯಿರಿ. ಬಂದದ್ದನ್ನು ಎರಡರಿಂದ ಗುಣಿಸಿ. ಅದೇ ನಿಮ್ಮ ಗಿಟಾರಿನ ನಿಜವಾದ ಸ್ಕೇಲ್ ಉದ್ದ, ಅಂದರೆ ಫ್ರೆಟ್ಟುಗಳ ಲೆಕ್ಕಕ್ಕೆ ಆಧಾರವಾದ, ನಟ್ಟಿನಿಂದ ಸ್ಯಾಡಲಿನವರೆಗಿನ ಉದ್ದ. ನಕ್ಷೆಯಲ್ಲಿ ಏನು ಬರೆದಿದೆ ಎಂಬುದು ಇನ್ನು ಲೆಕ್ಕಕ್ಕಿಲ್ಲ. ಫೆಂಡರ್ ಅಳತೆಯಾದರೆ 324 ಮಿ.ಮೀ. ಸಿಗಬೇಕು, ಒಟ್ಟು 648.

ಇಲ್ಲಿ ಒಂದು ವಿಚಿತ್ರ ತಪ್ಪು ಪದೇ ಪದೇ ಕಾಣಸಿಗುತ್ತದೆ. ನಕ್ಷೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಹಾಳೆ ಹಾಳೆಯಾಗಿ ಮುದ್ರಿಸಿ ಅಂಟಿಸುವಾಗ, ಕಾಗದದ ಅಂಚಿಗೆ ಹೊಂದಿಸಲೆಂದು ಪ್ರಿಂಟರ್ ತಾನಾಗಿಯೇ ಚಿತ್ರವನ್ನು ಕುಗ್ಗಿಸುತ್ತದೆ. ಶೇ. 97ಕ್ಕೆ ಕುಗ್ಗಿದರೆ 648 ಹೋಗಿ 628.6 ಆಗುತ್ತದೆ. ಬ್ರಿಡ್ಜನ್ನು ಮಾತ್ರ ಟೇಪ್ ಹಿಡಿದು 648ಕ್ಕೇ ಕೂರಿಸಿರುತ್ತಾರೆ. ಪರಿಣಾಮವಾಗಿ ಯಾವ ಫ್ರೆಟ್ ಒತ್ತಿದರೂ ಅಪಸ್ವರ, ಮೇಲೆ ಹೋದಷ್ಟೂ ಹೆಚ್ಚು. ನೆಕ್ಕನ್ನು ಒಲೆಗೆ ಹಾಕುವ ಮುನ್ನ ಒಂದು ನಿಮಿಷ ತಡೆಯಿರಿ: 628.6 ಮಿ.ಮೀ. ಎಂದರೆ ಗಿಬ್ಸನ್ನಿನ 24.75 ಇಂಚಿನ ಸ್ಕೇಲ್. ಎಲ್ಲ ಫ್ರೆಟ್ಟುಗಳೂ ಒಂದೇ ಪ್ರಮಾಣದಲ್ಲಿ ಕುಗ್ಗಿರುವುದರಿಂದ ಅವುಗಳ ನಡುವಿನ ಲೆಕ್ಕ ಕೆಟ್ಟಿಲ್ಲ. ಬ್ರಿಡ್ಜನ್ನು ಸುಮಾರು 19 ಮಿ.ಮೀ. ಮುಂದಕ್ಕೆ ತಂದರೆ ಗಿಟಾರ್ ಬದುಕುತ್ತದೆ. ಹಳೆಯ ತೂತುಗಳಿಗೆ ಗಟ್ಟಿ ಮರದ ಕಡ್ಡಿಯನ್ನು ಅಂಟಿನಲ್ಲಿ ಅದ್ದಿ ಬಡಿದು, ಒಣಗಿದ ಮೇಲೆ ಹೊಸದಾಗಿ ಕೊರೆಯಿರಿ.

ಸ್ಕೇಲ್ ಸರಿಯಿದ್ದೂ 12ನೇ ಫ್ರೆಟ್ಟಿನ ಸ್ವರ ತೆರೆದ ತಂತಿಯ ಸ್ವರಕ್ಕೆ ಹೊಂದುತ್ತಿಲ್ಲವೇ? ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ ಸರಿಸಬೇಕು, ಇಳಿದಿದ್ದರೆ ಮುಂದಕ್ಕೆ. ಹಿಂದಕ್ಕೆ ಸರಿಸಲು ಜಾಗವೇ ಉಳಿದಿಲ್ಲವೆಂದರೆ ಬ್ರಿಡ್ಜ್ ಕೂರಿಸಿದ್ದೇ ತಪ್ಪು. ಒತ್ತಿದಾಗ ತಂತಿ ಹಿಗ್ಗಿ ಸ್ವರ ಏರುತ್ತದೆ. ಅದನ್ನು ಸರಿದೂಗಿಸಲು ಪ್ರತಿ ತಂತಿಯೂ ಸ್ಕೇಲಿಗಿಂತ ಸ್ವಲ್ಪ ಉದ್ದವಿರಬೇಕು. ಒಂದನೇ ತಂತಿಗೆ ಒಂದೆರಡು ಮಿಲಿಮೀಟರ್ ಸಾಕು, ಆರನೆಯದಕ್ಕೆ ನಾಲ್ಕೈದು ಬೇಕಾಗಬಹುದು. ಹೀಗಾಗಿ ಒಂದನೇ ತಂತಿಯ ಸ್ಯಾಡಲನ್ನು ತುಸು ಆಟ ಬಿಟ್ಟು ಮುಂದಕ್ಕೆ ತಿರುಗಿಸಿಕೊಂಡು, ಅದನ್ನು 648ರ ಗೆರೆಯ ಮೇಲೆ ಇಟ್ಟೇ ಬ್ರಿಡ್ಜಿನ ತೂತು ಗುರುತಿಸುವುದು ಕ್ರಮ. ಸ್ಯಾಡಲನ್ನು ನಡುಮಧ್ಯದಲ್ಲಿಟ್ಟು ಗುರುತಿಸಿದವರಿಗೆ ಆರನೇ ತಂತಿಯ ಹೊತ್ತಿಗೆ ಜಾಗ ಮುಗಿದಿರುತ್ತದೆ.

12ನೇ ಫ್ರೆಟ್ ಶುದ್ಧವಾಗಿದ್ದು 1, 2, 3ನೇ ಫ್ರೆಟ್ಟುಗಳಲ್ಲಿ ಮಾತ್ರ ಸ್ವರ ಏರಿ ಕೇಳಿಸಿದರೆ ಬ್ರಿಡ್ಜನ್ನು ಮುಟ್ಟಬೇಡಿ. ನಟ್ಟಿನ ಗಾಡಿಗಳು (ತಂತಿ ಕೂರುವ ಸೀಳುಗಳು) ಇನ್ನೂ ಆಳವಾಗಬೇಕು. 3ನೇ ಫ್ರೆಟ್ಟಿನಲ್ಲಿ ತಂತಿಯನ್ನು ಒತ್ತಿ ಹಿಡಿದು 1ನೇ ಫ್ರೆಟ್ಟಿನ ಮೇಲೆ ನೋಡಿ. ಅಲ್ಲಿ ಒಂದು ಜೆರಾಕ್ಸ್ ಹಾಳೆ ತೂರುವಷ್ಟು, ಹತ್ತಿರಹತ್ತಿರ 0.1 ಮಿ.ಮೀ. ಸಂದಿ ಇದ್ದರೆ ಸಾಕು. ಹೆಚ್ಚಿದ್ದರೆ ತೆಳು ಅರದಿಂದ ಒಂದೆರಡು ಎಳೆತ ಎಳೆದು ಮತ್ತೆ ನೋಡಿ. ಒಂದೇ ಒಂದು ಫ್ರೆಟ್ಟಿನಲ್ಲಿ ಆರೂ ತಂತಿಗಳು ಅಪಸ್ವರ ನುಡಿದರೆ ಆ ಫ್ರೆಟ್ ಕೂರುವ ಗಾಡಿಯನ್ನೇ ತಪ್ಪಾಗಿ ಕೊಯ್ದಿದ್ದೀರಿ. ನಟ್ಟಿನಿಂದ 648ರ ಸ್ಕೇಲಿಗೆ 1ನೇ ಫ್ರೆಟ್ 36.37, 5ನೆಯದು 162.55, 7ನೆಯದು 215.51 ಮಿ.ಮೀ. ದೂರದಲ್ಲಿರಬೇಕು. ಪ್ರತಿಯೊಂದನ್ನೂ ನಟ್ಟಿನಿಂದಲೇ ಅಳೆಯಿರಿ. ಫ್ರೆಟ್ಟಿನಿಂದ ಫ್ರೆಟ್ಟಿಗೆ ಅಳೆಯುತ್ತಾ ಹೋದರೆ ಕೂದಲೆಳೆಯ ತಪ್ಪುಗಳು ಕೂಡುತ್ತಾ ಹೋಗಿ ಕೊನೆಗೆ ಕಣ್ಣಿಗೆ ಕಾಣುವಷ್ಟಾಗುತ್ತವೆ.

ಎಲ್ಲಿ ಝರ್ರೆನ್ನುತ್ತದೆ?

ಫ್ರೆಟ್ಟಿಗೆ ತಂತಿ ತಾಗಿ ಬರುವ ಸದ್ದಿನ ಕಾರಣ ಅದು ಕೇಳಿಬರುವ ಜಾಗದಲ್ಲೇ ಇದೆ. ಆರೂ ತಂತಿಗಳನ್ನು ಫ್ರೆಟ್ ಫ್ರೆಟ್ಟಿಗೂ ಮೀಟಿ, ಸದ್ದು ಬಂದಲ್ಲೆಲ್ಲ ಮಾಸ್ಕಿಂಗ್ ಟೇಪಿನ ಚೂರು ಅಂಟಿಸಿ. ಟೇಪುಗಳು ಬಿದ್ದ ರೀತಿ ನೋಡಿದರೆ ಮುಕ್ಕಾಲು ಉತ್ತರ ಸಿಗುತ್ತದೆ.

ತೆರೆದ ತಂತಿಯಲ್ಲಿ ಮಾತ್ರ ಬಂದರೆ ನಟ್ಟಿನ ಗಾಡಿ ಅತಿ ಆಳವಾಗಿದೆ, ಇಲ್ಲವೇ ಅದರ ತಳ ಸಪಾಟಾಗಿದೆ. ಸಪಾಟಾದ ತಳದ್ದು ಬೇರೆಯೇ ದನಿ: ತಂಬೂರಿಯ ಕುದುರೆಯ ಮೇಲೆ ತಂತಿಯಡಿ ದಾರ ತೂರಿಸಿ ಬೇಕೆಂದೇ ಎಬ್ಬಿಸುವ ಝೇಂಕಾರದಂತೆ ಕೇಳಿಸುತ್ತದೆ. ಕಾರಣವೂ ಅದೇ, ಅಗಲವಾದ ಮೈಯನ್ನು ತಂತಿ ಸವರಿಕೊಂಡು ಅದುರುತ್ತಿದೆ. ತಂಬೂರಿಗೆ ಅದು ಶೋಭೆ, ಇಲ್ಲಿ ಬೇಡ. ಗಾಡಿಯ ತಳವನ್ನು ಟ್ಯೂನಿಂಗ್ ಕೀಗಳ ಕಡೆಗೆ ಇಳಿಜಾರಾಗಿ ಅರೆದು, ತಂತಿ ಮುಂದಿನ ಅಂಚಿನ ಮೇಲಷ್ಟೇ ಕೂರುವಂತೆ ಮಾಡಿ.

ಟೇಪುಗಳೆಲ್ಲ 1ರಿಂದ 5ರ ನಡುವೆ ಗುಂಪುಗೂಡಿದ್ದರೆ ಈಗ ಟ್ರಸ್ ರಾಡಿನ ಸರದಿ. 1ನೇ ಫ್ರೆಟ್ಟಿಗೆ ಕ್ಯಾಪೋ ಹಾಕಿ, ನೆಕ್ ಬಾಡಿಗೆ ಸೇರುವಲ್ಲಿನ ಫ್ರೆಟ್ಟನ್ನು ಒತ್ತಿ ಹಿಡಿದು, 7 ಅಥವಾ 8ನೇ ಫ್ರೆಟ್ಟಿನ ಮೇಲಿನ ಸಂದಿಗೆ ಫೀಲರ್ ಗೇಜ್ ತೂರಿಸಿ. 0.2ರಿಂದ 0.25 ಮಿ.ಮೀ. ಒಳ್ಳೆಯ ಅಳತೆ. ಸಂದಿಯೇ ಇಲ್ಲವೆಂದರೆ ರಾಡನ್ನು ಕಾಲು ಸುತ್ತು ಸಡಿಲಿಸಿ, ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಪೂರ್ತಿ ಸಡಿಲಿಸಿದರೂ ನೆಕ್ ಹಿಂದಕ್ಕೇ ಬಾಗಿದ್ದರೆ ಫ್ರೆಟ್ ಗಾಡಿಗಳ ಮೇಲೆ ಸಂಶಯಪಡಿ. ಗಾಡಿ ಇಕ್ಕಟ್ಟಾಗಿದ್ದು ಫ್ರೆಟ್ಟಿನ ನಾಲಗೆ ದಪ್ಪವಾಗಿದ್ದರೆ ಬಡಿದ ಇಪ್ಪತ್ತೆರಡು ಫ್ರೆಟ್ಟುಗಳೂ ಇಪ್ಪತ್ತೆರಡು ಬೆಣೆಗಳೇ. ಅವು ಒಟ್ಟಾಗಿ ಫಿಂಗರ್‌ಬೋರ್ಡನ್ನು ಉದ್ದ ಮಾಡಿ ನೆಕ್ಕನ್ನು ಹಿಂದಕ್ಕೆ ಬಾಗಿಸುತ್ತವೆ. ಎರಡೂ ದಿಕ್ಕಿಗೆ ಕೆಲಸ ಮಾಡುವ ರಾಡ್ ಹಾಕಿದ್ದರೆ ಇನ್ನೊಂದು ದಿಕ್ಕಿಗೆ ತಿರುಗಿಸಿ ತಪ್ಪಿಸಿಕೊಳ್ಳಬಹುದು. ಒಂದೇ ದಿಕ್ಕಿನ ರಾಡಾದರೆ ಫ್ರೆಟ್ ಕಿತ್ತು ಗಾಡಿ ಅಗಲಿಸದೆ ದಾರಿಯಿಲ್ಲ.

ಟೇಪು ಒಂದೇ ಕಡೆ ಬಿದ್ದಿದ್ದರೆ ಅದರ ಮುಂದಿನ ಫ್ರೆಟ್ ತಲೆಯೆತ್ತಿದೆ. ಮೂರು ಫ್ರೆಟ್ಟುಗಳ ಮೇಲೆ ಮಾತ್ರ ಕೂರುವಷ್ಟು ಉದ್ದದ ನೇರ ಉಕ್ಕಿನ ತುಂಡನ್ನು ಇಟ್ಟು ಅಲುಗಿಸಿ. ತಕತಕ ಎಂದರೆ ನಡುವಿನದು ಎತ್ತರ. ಅರ ತೆಗೆದುಕೊಳ್ಳುವ ಮೊದಲು ಅದನ್ನು ಬೆರಳಿನಿಂದ ಒತ್ತಿ ನೋಡಿ. ಒತ್ತಿದರೆ ಇಳಿಯುವ ಫ್ರೆಟ್ಟಿಗೆ ಬೇಕಾದದ್ದು ಅರವಲ್ಲ, ಸಂದಿಗೆ ಒಂದು ತೊಟ್ಟು ತೆಳು ಸೂಪರ್ ಗ್ಲೂ ಮತ್ತು ಕ್ಲ್ಯಾಂಪ್.

15ರಿಂದ ಮೇಲೆ ಟೇಪುಗಳು ತುಂಬಿದ್ದರೆ ನೆಕ್ ಕೂತಿರುವ ಗುಳಿಯತ್ತ ನೋಡಬೇಕು. ಮನೆಯಲ್ಲಿ ಕಟ್ಟಿದ ಗಿಟಾರುಗಳಲ್ಲಿ ಯಾರೂ ತಿರುಗಿ ನೋಡದ ಜಾಗವದು. ನಾಲ್ಕು ತಿರುಪುಗಳು ಬಾಡಿಯ ತೂತಿನಲ್ಲಿ ಸಲೀಸಾಗಿ ಜಾರಬೇಕು, ಹಲ್ಲು ಕಚ್ಚಬೇಕಾದದ್ದು ನೆಕ್ಕಿನ ಮರದಲ್ಲಿ ಮಾತ್ರ. ಬಾಡಿಯ ತೂತನ್ನೂ ಸಣ್ಣದಾಗಿಯೇ ಕೊರೆದಿದ್ದರೆ ತಿರುಪು ಎರಡೂ ಮರಗಳನ್ನು ಕಚ್ಚುತ್ತದೆ. ಎಷ್ಟು ಬಿಗಿದರೂ ನಡುವಿನ ಸಂದಿ ಹಾಗೆಯೇ ಉಳಿಯುತ್ತದೆ, ಬಿಗಿದವರಿಗೆ ಮಾತ್ರ ಗಟ್ಟಿಯಾಯಿತೆಂಬ ಭ್ರಮೆ. ನೆಕ್ಕಿನ ಬುಡಕ್ಕೂ ಬಾಡಿಗೂ ನಡುವೆ ವಿಸಿಟಿಂಗ್ ಕಾರ್ಡ್ ತೂರಿಸಲು ನೋಡಿ. ತೂರಿದರೆ ನೆಕ್ ಕಳಚಿ, ಬಾಡಿಯ ತೂತುಗಳನ್ನು ತಿರುಪು ಬೆರಳಿನಿಂದಲೇ ಜಾರುವಷ್ಟು ದೊಡ್ಡದು ಮಾಡಿ. ಗುಳಿಯೊಳಗೆ ಮೂಲೆಯಲ್ಲಿ ಗಟ್ಟಿಯಾದ ವಾರ್ನಿಷ್ ಇದ್ದರೆ ಉಳಿಯಿಂದ ಕೆರೆದು ತೆಗೆಯಿರಿ. ಕೋನವೇ ತಪ್ಪಿದ್ದು ಸ್ಯಾಡಲ್ ಪೂರ್ತಿ ಇಳಿಸಿದರೂ ತಂತಿ ಎತ್ತರವಾಗಿಯೇ ಇದ್ದರೆ, ಗುಳಿಯ ಅಗಲಕ್ಕೂ ಉದ್ದಕ್ಕೂ ಸರಿಹೊಂದುವಂತೆ ಒಂದು ಕಡೆ ತೆಳುವಾಗುತ್ತಾ ಹೋಗುವ ಮರದ ಬೆಣೆಯನ್ನು ಕೂರಿಸಿ. ಅರ್ಧ ಡಿಗ್ರಿ ಬದಲಾವಣೆಯೇ ಸ್ಯಾಡಲಿನ ಬಳಿ ಗಣನೀಯ ಅಂತರ ತರುತ್ತದೆ. ಮಡಚಿದ ಕಾಗದ ತುರುಕುವುದು ಪರೀಕ್ಷೆಗೆ ಸರಿ, ಶಾಶ್ವತಕ್ಕಲ್ಲ.

ಗುಂಯ್ ಎನ್ನುವ ಆಂಪ್

ಈಗ ಕೇಬಲ್ ಹಾಕಿ. ಅದಕ್ಕೂ ಮುನ್ನ, ಆಂಪಿನ ಪ್ಲಗ್ಗಿಗೆ ಮೂರು ಪಿನ್ ಇವೆಯೇ, ಗೋಡೆಯ ಸಾಕೆಟ್ಟಿಗೆ ನಿಜವಾದ ಅರ್ತಿಂಗ್ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಗಿಟಾರಿನ ತಂತಿ, ಬ್ರಿಡ್ಜ್, ಜ್ಯಾಕ್ ಎಲ್ಲವೂ ಕೇಬಲ್ಲಿನ ಮೂಲಕ ಆಂಪಿನ ಲೋಹದ ಚಾಸಿಗೆ ಸೇರಿರುತ್ತವೆ. ಚಾಸಿಗೆ ವಿದ್ಯುತ್ ಸೋರಿಕೆಯಾಗಿ ಅರ್ತಿಂಗ್ ಇಲ್ಲದಿದ್ದರೆ ಆ 230 ವೋಲ್ಟ್ ನಿಮ್ಮ ಬೆರಳ ತುದಿಗೆ ಬಂದು ನಿಲ್ಲುತ್ತದೆ. ತಂತಿಗೆ ಲೈನ್ ಟೆಸ್ಟರ್ ಮುಟ್ಟಿಸಿದಾಗ ದೀಪ ಹೊತ್ತಿದರೆ ಗಿಟಾರ್ ಬಿಚ್ಚುವುದಲ್ಲ, ಎಲೆಕ್ಟ್ರಿಷಿಯನ್‌ನನ್ನು ಕರೆಯುವುದು. ಎರಡು ಪಿನ್ನಿನ ಅಡಾಪ್ಟರ್ ಹಾಕಿ ಗುಂಯ್‌ಗುಡುವಿಕೆ ಕಡಿಮೆಯಾಯಿತೆಂದು ಸಂತೋಷಪಡುವವರಿಗೆ ಏನು ಹೇಳಬೇಕೋ ತಿಳಿಯದು. ಮನೆಗೆ, ಸೋರಿಕೆ ಕಂಡ ಕೂಡಲೇ ವಿದ್ಯುತ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿರುವುದು ಒಳ್ಳೆಯದು.

ಗುಂಯ್ ಸದ್ದು ಬರುತ್ತಿರುವಾಗ ತಂತಿಗಳ ಮೇಲೆ ಅಂಗೈ ಇಡಿ. ಸದ್ದು ತಗ್ಗಿದರೆ ಬ್ರಿಡ್ಜಿನ ಗ್ರೌಂಡ್ ವೈರ್ ಸರಿಯಿದೆ. ಒಂದಿಷ್ಟು ಹಾಗೆ ತಗ್ಗುವುದು ಸಹಜ. ತಂತಿ ಮುಟ್ಟಿದರೆ ಬದಲಾಗದೆ ಕೇಬಲ್ಲಿನ ಜ್ಯಾಕಿನ ಲೋಹ ಮುಟ್ಟಿದಾಗ ಮಾತ್ರ ತಗ್ಗಿದರೆ ಆ ವೈರ್ ಬ್ರಿಡ್ಜಿಗೆ ತಾಗುತ್ತಿಲ್ಲ. ಬ್ರಿಡ್ಜಿನ ಅಡಿಯಲ್ಲಿ ವೈರಿನ ತುದಿ ಬಿಡಿಸಿ ಹಾಸಿದ್ದು ಸರಿದಿರುತ್ತದೆ, ಇಲ್ಲವೇ ಅದರ ಕೆಳಗೆ ವಾರ್ನಿಷ್ ಇರುತ್ತದೆ. ಮುಟ್ಟಿದಾಗ ಸದ್ದು ಹೆಚ್ಚಿದರೆ ಜ್ಯಾಕಿನ ಎರಡು ವೈರುಗಳು ಅದಲುಬದಲಾಗಿವೆ: ಜ್ಯಾಕಿನ ತುದಿಗೆ ಹೋಗಬೇಕಾದದ್ದು ತೋಳಿಗೆ (ಹೊರ ಕೊಳವೆಗೆ) ಹೋಗಿದೆ. ಮಲ್ಟಿಮೀಟರನ್ನು ಬೀಪ್ ಸ್ಥಾನದಲ್ಲಿಟ್ಟು ತಂತಿಗೂ ಕೇಬಲ್ಲಿನ ಹೊರ ಲೋಹಕ್ಕೂ ಮುಟ್ಟಿಸಿ, ಬೀಪ್ ಎನ್ನಬೇಕು.

ಮೂರೂ ಸರಿಯಿದ್ದು ಗುಂಯ್ ನಿಲ್ಲದಿದ್ದರೆ ಕುರ್ಚಿಯಲ್ಲಿ ಕೂತಂತೆಯೇ ಗಿಟಾರ್ ಹಿಡಿದು ನಿಧಾನಕ್ಕೆ ಒಂದು ಸುತ್ತು ತಿರುಗಿ. ಒಂದು ದಿಕ್ಕಿನಲ್ಲಿ ಜೋರು, ಇನ್ನೊಂದರಲ್ಲಿ ಬಹುತೇಕ ಮೌನ ಎಂದಾದರೆ ಅದು ದೋಷವೇ ಅಲ್ಲ. ಒಂದೇ ವೈರ್ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ ಸುತ್ತಮುತ್ತಲಿನ ಟ್ರಾನ್ಸ್‌ಫಾರ್ಮರುಗಳ 50 ಹರ್ಟ್ಸ್ ಕಾಂತಕ್ಷೇತ್ರವನ್ನು ಹಿಡಿಯುತ್ತಿದೆ. ಗುಳಿಗೆ ಎಷ್ಟು ತಾಮ್ರದ ಟೇಪ್ ಹಚ್ಚಿದರೂ ಇದು ಹೋಗದು, ಏಕೆಂದರೆ ತಾಮ್ರದ ತೆಳು ಹಾಳೆ ತಡೆಯುವುದು ವಿದ್ಯುತ್ ಕ್ಷೇತ್ರವನ್ನು. ಇಷ್ಟು ನಿಧಾನಗತಿಯ ಕಾಂತಕ್ಷೇತ್ರ ಅದರೊಳಗಿಂದ ಹಾದುಹೋಗುತ್ತದೆ. ಗಿಬ್ಸನ್ನಿನಲ್ಲಿದ್ದ ಸೆತ್ ಲವರ್ 1955ರಲ್ಲಿ ಎರಡು ಕಾಯಿಲ್‌ಗಳ ಹಂಬಕರ್ ರೂಪಿಸಿದ್ದು ಇದಕ್ಕಾಗಿಯೇ. ತಿರುಗಿದರೂ ಬದಲಾಗದ, ಕರ್ಕಶವಾದ ಝಂಯ್ ಸದ್ದಾದರೆ ತಾಮ್ರ ಕೆಲಸ ಮಾಡುತ್ತದೆ. ಅದರಲ್ಲಿ 100 ಹರ್ಟ್ಸಿನ ಪಾಲು ದೊಡ್ಡದಿದ್ದರೆ ಆರನೇ ತಂತಿಯ 3ನೇ ಫ್ರೆಟ್ಟಿನ ಸ್ವರಕ್ಕೆ ಹತ್ತಿರ ಕೇಳಿಸುತ್ತದೆ. ಫ್ಯಾನಿನ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ಬಲ್ಬು ಒಂದೊಂದನ್ನೇ ಆರಿಸಿ ಪರೀಕ್ಷಿಸಿ. ಕರೆಂಟ್ ಹೋಗಿ ಮನೆ ಇನ್ವರ್ಟರಿನ ಮೇಲೆ ನಡೆಯುತ್ತಿರುವಾಗ ಮಾತ್ರ ಈ ಪರೀಕ್ಷೆ ಮಾಡಲೇಬೇಡಿ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಎಂಥ ಒಳ್ಳೆಯ ಗಿಟಾರೂ ಅರಚುತ್ತದೆ.

ಸದ್ದೇ ಇಲ್ಲದಿದ್ದರೆ

ಏನನ್ನೂ ಬಿಚ್ಚದೆ ಮೊದಲ ಉತ್ತರ ಸಿಗುತ್ತದೆ. ಗಿಟಾರಿಗೆ ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಏರಿಸಿ, ಕೇಬಲ್ಲಿನ ಇನ್ನೊಂದು ತುದಿಯ ಮೊನೆಗೂ ತೋಳಿಗೂ ನಡುವಿನ ರೋಧ ಅಳೆಯಿರಿ. ಸಿಂಗಲ್ ಕಾಯಿಲಿಗೆ 5.5ರಿಂದ 7 ಕಿಲೋಓಮ್, ಸಾಧಾರಣ ಹಂಬಕರಿಗೆ 7ರಿಂದ 9 ಬಂದರೆ ಗಿಟಾರ್ ಸರಿಯಿದೆ, ಆಂಪ್ ಕಡೆ ನೋಡಿ. 250 ಅಥವಾ 500 ಕಿಲೋಓಮ್ ತೋರಿಸಿದರೆ ಮೀಟರಿಗೆ ಕಾಣುತ್ತಿರುವುದು ವಾಲ್ಯೂಮ್ ಪಾಟ್ (ವಾಲ್ಯೂಮ್ ಗುಬ್ಬಿಯ ಕೆಳಗಿನ ಬದಲಾಗುವ ರೋಧಕ) ಮಾತ್ರ. ಪಿಕಪ್ ವೈರ್ ಬಿಟ್ಟುಹೋಗಿದೆ ಅಥವಾ ಕಾಯಿಲ್ ಕಡಿದಿದೆ. ಸೊನ್ನೆ ಬಂದರೆ ಎಲ್ಲೋ ಶಾರ್ಟ್ ಆಗಿದೆ. ಹೊಸದಾಗಿ ತಾಮ್ರ ಹಚ್ಚಿದ ಗಿಟಾರಿನಲ್ಲಿ ಈ ಸೊನ್ನೆಗೆ ಮೊದಲ ಶಂಕಿತ ಜ್ಯಾಕ್: ಕೇಬಲ್ ಚುಚ್ಚಿದಾಗ ಅದರ ಎಲೆಸ್ಪ್ರಿಂಗ್ ಹೊರಕ್ಕೆ ಬಾಗಿ ಗುಳಿಯ ತಾಮ್ರದ ಗೋಡೆಗೆ ತಾಗುತ್ತದೆ. ಕೇಬಲ್ ತೆಗೆದು ಅಳೆದಾಗ ಎಲ್ಲವೂ ಸರಿ ಎನಿಸುವುದು ಅದಕ್ಕೇ. ಆ ಗೋಡೆಗೆ ಇನ್ಸುಲೇಷನ್ ಟೇಪ್ ಅಂಟಿಸಿದರಾಯಿತು.

ಅಲ್ಲಾಡಿಸಿದಾಗ ಬಂದು ಹೋಗುವ ಸದ್ದು ಪಾಟಿನ ಬೆನ್ನಿನ ಬೆಸುಗೆಯದ್ದಾಗಿರುವ ಸಾಧ್ಯತೆ ಹೆಚ್ಚು. 25 ವಾಟಿನ ಐರನ್ನಿಗೆ ಆ ಲೋಹದ ಮೈಯನ್ನು ಕಾಯಿಸುವ ಶಕ್ತಿಯಿಲ್ಲ. ಸೀಸ ಮಂಕಾಗಿ ಉಂಡೆಗಟ್ಟಿ ಮೇಲೆ ಕೂರುತ್ತದೆ, ಕಚ್ಚುವುದಿಲ್ಲ. ಮೈಯನ್ನು ಉಪ್ಪುಕಾಗದದಿಂದ ಕೆರೆದು 60 ವಾಟಿನದರಿಂದ ಬೇಗ ಮುಗಿಸಿ. ವಾಲ್ಯೂಮ್ ಗುಬ್ಬಿ ಮುಕ್ಕಾಲು ಸುತ್ತು ಏನೂ ಮಾಡದೆ ಕೊನೆಗೆ ದಿಢೀರನೆ ಸದ್ದು ಇಳಿಸಿದರೆ ಪಾಟ್ ಕೆಟ್ಟಿಲ್ಲ, ಜಾತಿ ತಪ್ಪಿದೆ. ಅದರ ಮೇಲೆ ‘ಬಿ500ಕೆ’ ಎಂದಿದ್ದರೆ ಲೀನಿಯರ್. ನಿಮಗೆ ಬೇಕಾದದ್ದು ‘ಎ’ ಗುರುತಿನ ಲಾಗ್ ಪಾಟ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವಾಗ ಇದನ್ನು ಒತ್ತಿ ಹೇಳಿ.

ಎರಡು ಪಿಕಪ್ಪುಗಳ ಜಗಳ

ಒಂದೊಂದೇ ಪಿಕಪ್ ತುಂಬು ದನಿಯಲ್ಲಿದ್ದು, ಎರಡನ್ನೂ ಒಟ್ಟಿಗೆ ಹಾಕಿದಾಗ ಮೂಗಿನಲ್ಲಿ ಮಾತಾಡಿದಂತೆ ತೆಳ್ಳಗಾದರೆ ಅವು ವಿರುದ್ಧ ಫೇಸಿನಲ್ಲಿವೆ, ಅಂದರೆ ಒಂದರ ಸಂಕೇತ ಏರುವಾಗ ಇನ್ನೊಂದರದು ಇಳಿಯುತ್ತಿದೆ. ಪಿಕಪ್ಪಿನ ಎರಡು ವೈರುಗಳನ್ನು ಮೀಟರಿಗೆ ಕೊಟ್ಟು, ರೋಧ ತೋರಿಸುತ್ತಿರುವಾಗ ಸ್ಕ್ರೂಡ್ರೈವರನ್ನು ಪಿಕಪ್ಪಿನ ಕಂಬಗಳಿಗೆ ತಟ್ಟನೆ ತಾಗಿಸಿ. ಅಂಕಿ ಕ್ಷಣಕಾಲ ಏರುತ್ತದೆ ಅಥವಾ ಇಳಿಯುತ್ತದೆ. ಎರಡೂ ಪಿಕಪ್ಪುಗಳಲ್ಲಿ ಒಂದೇ ಕಡೆಗೆ ಹೋಗಬೇಕು. ಇಲ್ಲವಾದರೆ ಒಂದರ ವೈರುಗಳನ್ನು ಅದಲುಬದಲು ಮಾಡಿ. ಟೆಲಿಕಾಸ್ಟರಿನ ನೆಕ್ ಪಿಕಪ್ಪಿನ ಲೋಹದ ಮುಚ್ಚಳ ಗ್ರೌಂಡ್ ವೈರಿಗೆ ಜೋಡಿಸಿರುತ್ತದೆ, ಅದನ್ನು ಮೊದಲು ಬೇರ್ಪಡಿಸಿ ಪ್ರತ್ಯೇಕ ವೈರ್ ಕೊಡದಿದ್ದರೆ ಮುಚ್ಚಳವೇ ಆಂಟೆನಾ ಆಗುತ್ತದೆ.

ಕ್ವೀನ್ ತಂಡದ ಗಿಟಾರ್ ವಾದಕ ಬ್ರಯನ್ ಮೇ 1963ರಲ್ಲಿ ತಂದೆ ಹೆರಾಲ್ಡ್ ಜೊತೆಗೂಡಿ, ಹಳೆಯ ಅಗ್ಗಿಷ್ಟಿಕೆಯ ಮೇಲ್ಪಟ್ಟಿಯ ಮರದಿಂದ ನೆಕ್ ಕೆತ್ತಿ ಮನೆಯಲ್ಲೇ ಕಟ್ಟತೊಡಗಿದ ‘ರೆಡ್ ಸ್ಪೆಷಲ್’ ಗಿಟಾರಿನಲ್ಲಿ ಪ್ರತಿ ಪಿಕಪ್ಪಿಗೂ ಫೇಸ್ ಬದಲಿಸುವ ಸ್ವಿಚ್ಚೇ ಇದೆ. ಅಂದರೆ ಈ ತೆಳು ದನಿಯನ್ನು ಬೇಕೆಂದೇ ಬಳಸುವುದೂ ಉಂಟು. ಅದೇ ಗಿಟಾರಿಗೆ ಅವರು ಕೈಯಾರೆ ಸುತ್ತಿದ ಪಿಕಪ್ಪುಗಳು ಬೇರೆ ತೊಂದರೆ ಕೊಟ್ಟವು: ಕಂಬಗಳ ಧ್ರುವ ಒಂದು ಬಿಟ್ಟು ಒಂದು ಉಲ್ಟಾ ಇದ್ದುದರಿಂದ, ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸಿದಾಗ ವಿಚಿತ್ರ ಸದ್ದು ಬರುತ್ತಿತ್ತು. ಕೊನೆಗೆ ಬರ್ನ್ಸ್ ಟ್ರೈಸಾನಿಕ್ ಪಿಕಪ್ಪುಗಳನ್ನು ಕೊಂಡು, ಒಳಗೆ ಅರಾಲ್ಡೈಟ್ ತುಂಬಿಸಿದರು. ಕಾಯಿಲ್ ಅಲುಗದಂತೆ ಮಾಡುವುದು ಅದರ ಉದ್ದೇಶ. ಆಂಪಿನ ಗೇನ್ (ಸಂಕೇತದ ವರ್ಧನೆ) ಏರಿಸಿದಾಗ ನಿಮ್ಮ ಪಿಕಪ್ ಕೀರಲು ದನಿಯಲ್ಲಿ ಕೂಗಿದರೆ, ಅದರ ಮೇಲೆ ಉಗುರು ತಟ್ಟಿದ್ದು ಆಂಪಿನಲ್ಲಿ ಟಕ್ ಎಂದು ಸ್ಪಷ್ಟವಾಗಿ ಕೇಳಿಸಿದರೆ ಅದೇ ರೋಗ. ಮನೆಯಲ್ಲಿ ಸುಲಭ ಔಷಧ ಮೇಣ: ನಾಲ್ಕು ಪಾಲು ಪ್ಯಾರಾಫಿನ್, ಒಂದು ಪಾಲು ಜೇನುಮೇಣ. ಬಿಸಿನೀರಿನ ಪಾತ್ರೆಯೊಳಗೆ ಇಟ್ಟು 65 ಡಿಗ್ರಿ ಸೆಲ್ಸಿಯಸ್ ದಾಟದಂತೆ ಕರಗಿಸಿ, ಗುಳ್ಳೆ ನಿಲ್ಲುವವರೆಗೆ ಪಿಕಪ್ ಮುಳುಗಿಸಿಡಿ. ನೇರ ಉರಿಯ ಮೇಲೆ ಮೇಣ ಇಡಬಾರದು.

ಪಿಕಪ್ಪನ್ನು ತಂತಿಗೆ ತೀರ ಹತ್ತಿರ ಏರಿಸಿದ್ದರೆ ಇನ್ನೊಂದು ಚೇಷ್ಟೆ ಕಾಣುತ್ತದೆ. ದಪ್ಪ ತಂತಿಗಳು ಮೇಲಿನ ಫ್ರೆಟ್ಟುಗಳಲ್ಲಿ ಅಲೆಅಲೆಯಾಗಿ ಅಪಸ್ವರ ನುಡಿಯುತ್ತವೆ, ಟ್ಯೂನರಿನ ಮುಳ್ಳು ಒಂದೆಡೆ ನಿಲ್ಲುವುದೇ ಇಲ್ಲ. ಕಾಂತದ ಎಳೆತ ಅದು. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ಎರಡು ಮೂರು ಮಿಲಿಮೀಟರ್ ಅಂತರ ಇರುವಂತೆ ಇಳಿಸಿ. ಸ್ಯಾಡಲ್ ಸರಿಸಿ ಸರಿಸಿ ಸುಸ್ತಾದವರು ಇದನ್ನು ಮೊದಲೇ ನೋಡಬೇಕಿತ್ತು.

ಮಳೆ ಬಂದ ಮೇಲೆ

ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಹೊಂದಿಸಿದ ನೆಕ್ ಜುಲೈಯಲ್ಲಿ ಮಂಗಳೂರಿಗೆ ಹೋದರೆ ಅಳತೆ ಬದಲಾಗಿರುತ್ತದೆ. ತೇವ ಹೀರಿದ ಮರ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಫ್ರೆಟ್ಟುಗಳ ತುದಿ ಅಂಚಿನಿಂದ ಹೊರಚಾಚಿ ಅಂಗೈ ಗೀರುತ್ತದೆ. ತುದಿಯನ್ನು ಅರೆದರೆ ಆಯಿತು. ರಾಡಿನ ಕಾಲು ಸುತ್ತಿನಲ್ಲಿ ಮುಗಿಯುವ ಬದಲಾವಣೆಯನ್ನು ದೋಷ ಎಂದು ಕರೆಯಬೇಕಿಲ್ಲ. ಆದರೆ ಹೊಸ ನೆಕ್ಕಿನಲ್ಲಿ ಪ್ರತಿ ವಾರವೂ ಸಂದಿ ಬದಲಾಗುತ್ತಿದ್ದರೆ ಹಲಗೆ ಸರಿಯಾಗಿ ಒಣಗಿರಲಿಲ್ಲ. ಅಂಥ ನೆಕ್ಕನ್ನು ತಲೆಯ ಕಡೆಯಿಂದ ಒಂದೇ ಕಣ್ಣಿನಲ್ಲಿ ನೋಡಿ: ನಟ್ಟಿನ ಗೆರೆಯೂ ಕೊನೆಯ ಫ್ರೆಟ್ಟಿನ ಗೆರೆಯೂ ಸಮಾಂತರವಾಗಿ ಕಾಣದೆ ಒಂದಕ್ಕೊಂದು ಓರೆಯಾಗಿದ್ದರೆ ಮರ ತಿರುಚಿಕೊಂಡಿದೆ. ತಿರುಚನ್ನು ಯಾವ ರಾಡೂ ಬಿಡಿಸುವುದಿಲ್ಲ. ಟ್ಯೂನಿಂಗ್ ಕೀಗಳನ್ನು ಬಿಚ್ಚಿಟ್ಟುಕೊಂಡು ಹೊಸ ನೆಕ್ ಕೆತ್ತಿ, ಬಾಡಿಯ ತೂತುಗಳಿಂದಲೇ ಅದರ ಬುಡಕ್ಕೆ ಗುರುತು ಹಾಕಿಕೊಳ್ಳಿ.